ಹಣೆಯ ಮೇಲಿನ ಸರ್ಟಿಫಿಕೇಟು

ಮುಖದ ಮೇಲೊಂದು ಕಲೆಯಿದ್ದರೆ ಅದಕ್ಕೆ ಒಪ್ಪುವ ಗೌರವದ ಕಥೆಯನ್ನೂ ಇಟ್ಟುಕೊಂಡಿರಬೇಕು. ನನ್ನ ಹಣೆಯಲ್ಲಿ ಹುಣಸೆಬೀಜ ಕೂರುವಷ್ಟು ಒಂದು ಕುಳಿಯಿದೆ. ಯಾರಾದರೂ ಕೇಳಿದರೆ, "ಸಣ್ಣವನಿದ್ದಾಗ ಅಮ್ಮ ಬಂದಿತ್ತು" ಎನ್ನುತ್ತಿದ್ದೆ. ಸೀತಾಳೆ ಸಿಡುಬಿಗೆ ನಮ್ಮ ಮನೆಯಲ್ಲಿ ಹಾಗೇ ಹೇಳುವುದು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲವಾದ್ದರಿಂದ ಆ ಕುಳಿ ನನ್ನ ಪಾಲಿಗೆ ಆಜೀವ ಸರ್ಟಿಫಿಕೇಟು.

ಹತ್ತು ವರ್ಷಕ್ಕೂ ಹಿಂದಿನ ಮಾತು. ಮಗಳು ಶ್ರಾವ್ಯ ಆಗ ಎಂಟನೇ ಕ್ಲಾಸು. ಪ್ರತಿ ಭಾನುವಾರ ಅಪ್ಪ ಮಗಳು ಸಾನಪಾಡಾದಿಂದ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ಅವಳ ಯಕ್ಷಗಾನದ ಕ್ಲಾಸಿಗೆಂದು ಡೊಂಬಿವಲಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ಹುಡುಗಿ ಅಲ್ಲಿ ಅಚ್ಚಗನ್ನಡದಲ್ಲಿ ಗುಡುಗುವುದನ್ನು ಕೇಳಿದರೆ ನನ್ನ ಕಣ್ಣು ತುಂಬಿ ಬರುತ್ತಿತ್ತು. ಆ ವರ್ಷ ಅವಳಿಗೆ ದೇವಿಯ ವೇಷ. ಜೊತೆಗೆ ಹೋದ ನಾನು ಸುಮ್ಮನೆ ಕೂರುವ ಜಾತಿಯಲ್ಲ. ಮಕ್ಕಳ ಕಿರೀಟದ ದಾರ ಬಿಗಿಯುವುದು, ಯಾರೂ ಕೇಳದ ಸಲಹೆ ಕೊಡುವುದು, ಗುರುಗಳು ಚಹಾಕ್ಕೆ ಎದ್ದರೆ ಅವರ ಕುರ್ಚಿಯಲ್ಲಿ ಕೂತು ತಾಳ ಹಾಕುವುದು, ಎಲ್ಲವೂ ನಡೆದಿತ್ತು.

ಪ್ರದರ್ಶನಕ್ಕೆ ಇನ್ನು ಎರಡು ಮೂರು ವಾರವಿದೆ ಎನ್ನುವಾಗ ರಕ್ಕಸನ ವೇಷದ ರಾಗಿಣಿಗೆ ಮೈಮೇಲೆ ಗುಳ್ಳೆ ಎದ್ದಿತು. ಹಿಂದಿನ ದಿನವಷ್ಟೇ ಅವಳೂ ಶ್ರಾವ್ಯಳೂ ಮೈಗೆ ಮೈ ತಾಗಿಸಿ ಯುದ್ಧ ಮಾಡಿದ್ದರು. ನನ್ನ ಮಗಳು ಊಟ ಬಿಟ್ಟು ಕೂತಳು. ವರ್ಷವಿಡೀ ಕುಣಿದದ್ದು ನೀರುಪಾಲಾಗುತ್ತದೆಂದು ಅವಳ ಸಂಕಟ, ಅವಳ ಮುಖ ನೋಡಲಾರದೆ ನನ್ನ ಸಂಕಟ.

ನಮ್ಮ ಸೆಕ್ಟರಿನ ಮರಾಠಿ ಡಾಕ್ಟರಮ್ಮ ಮಾತ್ರ ತಣ್ಣಗಿದ್ದರು. ಶ್ರಾವ್ಯಳಿಗೆ ಚಿಕ್ಕಂದಿನಲ್ಲಿ ಲಸಿಕೆಯ ಒಂದು ಡೋಸ್ ಆಗಿತ್ತು. ಹಾಗಿದ್ದರೆ ತಡಮಾಡದೆ ಇವತ್ತೇ ಎರಡನೆಯದನ್ನೂ ಕೊಟ್ಟುಬಿಡೋಣ, ಒಂದಕ್ಕಿಂತ ಎರಡು ಗಟ್ಟಿ ಎಂದರು. "ಹಾಗಾದರೆ ಬರುವುದೇ ಇಲ್ಲವಲ್ಲ?" ಎಂದು ನಾನು ಖಾತ್ರಿ ಕೇಳಿದೆ. ಬರುವ ಸಂಭವ ಬಹಳ ಕಡಿಮೆ, ಅಪ್ಪಿತಪ್ಪಿ ಬಂದರೂ ಸಾಮಾನ್ಯವಾಗಿ ಹಗುರವಾಗಿ ಹೋಗುತ್ತದೆ, ಅದಕ್ಕಿಂತ ಹೆಚ್ಚಿಗೆ ಬರೆದುಕೊಡಲಾರೆ ಎಂದರು. ಮಾತು ನಿಜವೇ. ರಾಗಿಣಿಗೂ ಒಂದು ಡೋಸ್ ಆಗಿತ್ತು. ಅಲ್ಲೊಂದು ಇಲ್ಲೊಂದು ಗುಳ್ಳೆ ಇಟ್ಟುಕೊಂಡು ಆ ರಕ್ಕಸ ಮನೆಯಲ್ಲಿ ಆರಾಮವಾಗಿ ಕೇರಂ ಆಡುತ್ತಿದ್ದ.

ಸೂಜಿ ಚುಚ್ಚಿಯಾದ ಮೇಲೆ ಡಾಕ್ಟರಮ್ಮ ನನ್ನತ್ತ ತಿರುಗಿ, "ತುಮ್ಹಾಲಾ ಕಾಂಜಿಣ್ಯಾ ಝಾಲ್ಯಾ ಹೋತ್ಯಾ ಕಾ?" ಎಂದು, ನಿಮಗೂ ಇದು ಆಗಿತ್ತೇ ಎಂದು ವಿಚಾರಿಸಿದರು. ನಾನು ಕೂದಲು ಸರಿಸಿ ಕುಳಿ ತೋರಿಸಿದೆ. ಯಾವುದಕ್ಕೂ ಊರಿಗೆ ಫೋನ್ ಮಾಡಿ ತಾಯಿಯನ್ನು ಒಮ್ಮೆ ಕೇಳಿ, ದೊಡ್ಡವರಿಗೆ ಬಂದರೆ ಜೋರಿರುತ್ತದೆ ಎಂದರು. ನನ್ನ ಹಣೆಯ ವಿಷಯ ಇನ್ನೊಬ್ಬರನ್ನು ಕೇಳುವುದೇ ಎಂದು ನಾನು ನಕ್ಕೆ.

ಎರಡು ವಾರ ಕಳೆಯಿತು. ಶ್ರಾವ್ಯಳ ಮೈಮೇಲೆ ಒಂದು ಗುಳ್ಳೆಯಿಲ್ಲ. ನನಗೆ ಗುಳ್ಳೆಯಿಲ್ಲದ ಜಾಗವಿಲ್ಲ. ಜ್ವರದಲ್ಲೇ ಉಡುಪಿಗೆ ಫೋನ್ ಹಚ್ಚಿ ಅಮ್ಮನಿಗೆ ಹೇಳಿದೆ, ಎರಡನೇ ಸಲ ಬಂದಿದೆ ಎಂದು.

"ಎರಡನೇ ಸಲ ಎಂತದ್ದು ಮಗಾ? ನಿಂಗೆ ಬಂದೇ ಇಲ್ಲ."

"ಮತ್ತೆ ಹಣೆಯ ಕುಳಿ?"

"ಅದು ಕಾಯಿ ತುರಿಯುವ ಹೆರೆಮಣೆ ಮೇಲೆ ಬಿದ್ದದ್ದು. ಬೆಲ್ಲ ಕದಿಲಿಕ್ಕೆ ಹೋಗಿ."

ಹೆಂಡತಿ ಶೋಭಾ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟು, ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಕೂಡದೆಂದು ಸಪ್ಪೆ ಸಾರು ಬಡಿಸಿ, ಪ್ರದರ್ಶನದ ದಿನ ಮಗಳನ್ನು ಕರೆದುಕೊಂಡು ಹೊರಟಳು. ಸೋಂಕಿನವನು ಸಭೆಗೆ ಹೋಗುವಂತಿಲ್ಲ. ಬಾಗಿಲು ಮುಚ್ಚಿದ ಮೇಲೆ ನಾನು ಮಗುವಿನ ಹಾಗೆ ಅತ್ತೆ.

ಸಂಜೆ ಬಾಗಿಲು ತೆರೆದರೆ ಸಾಕ್ಷಾತ್ ದೇವಿ. ಪಪ್ಪ ನೋಡದೆ ವೇಷ ಕಳಚುವುದಿಲ್ಲವೆಂದು ಹಟ ಹಿಡಿದು ಟ್ಯಾಕ್ಸಿಯಲ್ಲಿ ಹಾಗೇ ಬಂದಿದ್ದಳಂತೆ. ಗುಳ್ಳೆಗಳಿಗೆ ಬಿಳಿ ಲೋಷನ್ ಬಳಿದುಕೊಂಡಿದ್ದ ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. "ಪಪ್ಪಾ, ಸಚ್ಚೀ, ರಾಗಿಣಿ ಕಾ ಮೇಕಪ್ ಇಸ್ ಕೆ ಸಾಮ್ನೇ ಕುಛ್ ಭೀ ನಹೀಂ" ಎಂದು, ಇದರ ಮುಂದೆ ರಾಗಿಣಿಯ ಬಣ್ಣ ಏನೇನೂ ಅಲ್ಲವೆಂದು ತೀರ್ಪು ಕೊಟ್ಟವಳೇ ತ್ರಿಶೂಲ ಎತ್ತಿ ಅಚ್ಚಗನ್ನಡಕ್ಕೆ ಹೊರಳಿದಳು: "ಎಲವೋ ದುರುಳಾ, ನಿನ್ನ ಕೊನೆಗಾಲ ಬಂತು."

ಸಂತೋಷಕ್ಕೆ ನನಗೆ ಜ್ವರವೇ ಮರೆತುಹೋಯಿತು. ಕೈಕಾಲು ಬಡಿದು, ಆ ಕಡೆ ಈ ಕಡೆ ಹೊರಳಾಡಿ, ಬೆನ್ನನ್ನು ಹಾಸಿಗೆಗೆ ಮನಸಾರೆ ಉಜ್ಜುತ್ತ ಸತ್ತೆ. ಹಗಲೂ ರಾತ್ರಿ "ಕೆರೆದುಕೊಳ್ಬೇಡಿ" ಎಂದು ಕಾವಲು ಕಾಯುತ್ತಿದ್ದ ಶೋಭಾ ಕೂಡ ಚಪ್ಪಾಳೆ ತಟ್ಟಿದಳು.

"ಇನ್ನೊಮ್ಮೆ ಕೊಲ್ಲು ಮಗಾ" ಎಂದೆ.