ಸೋಮವಾರ ಹಾರದ ಜೆಟ್ಟು

ನಮ್ಮ ಕಾಕಾ ಕೆಡವಿದಷ್ಟು ವಿಮಾನಗಳನ್ನು ಬೈಲಹೊಂಗಲ ತಾಲ್ಲೂಕಿನಲ್ಲಿ ಬೇರೆ ಯಾರೂ ಕೆಡವಿರಲಿಕ್ಕಿಲ್ಲ. ಎಲ್ಲವೂ ಅವರದೇ ವಿಮಾನಗಳು ಎಂಬುದು ಬೇರೆ ಮಾತು. ಕೆಲವು ವಿವರ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಡೈರಿಯನ್ನು ನಂಬೋಣವೆಂದರೆ, ನಗು ಬಂದ ದಿನ ಅದರಲ್ಲಿ ತುಸು ಹೆಚ್ಚೇ ಬರೆದುಬಿಡುತ್ತೇನೆ.

ಸಂಪಗಾಂವದ ಈ ಕಾಕಾಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಆಡಿಸದಿದ್ದರೆ ಹಾಗೇ ಉಳಿದೀತೆಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಚುಕಲು ಹೇಳಿದರು. "ನಾ ಏನ್ ಕೂಸೇನು?" ಎಂದು ಕಾಕಾ ಅದನ್ನು ಎಸೆದರು, ಎಡಗೈಯಿಂದ. ಕೊನೆಗೆ ನನ್ನ ಹಳೆಯ ಕಂಪ್ಯೂಟರಿಗೆ ವಿಮಾನಯುದ್ಧದ ಆಟ ಹಾಕಿ, ಬಲಗೈಯಲ್ಲಿ ಹಿಡಿದು ಆಡಿಸುವ ಜಾಯ್‌ಸ್ಟಿಕ್ ಜೋಡಿಸಿಕೊಟ್ಟೆ. ಇದನ್ನು ಮಾತ್ರ ಕೂಸಿನಾಟ ಎನ್ನಲಿಲ್ಲ ನೋಡಿ!

ಆಟದಲ್ಲಿ ಭಾರೀ ಫೈಟರ್‌ಗಳಿದ್ದವು. ಕಾಕಾ ಆರಿಸಿದ್ದು ಹೊಸ ಪೈಲಟ್‌ಗಳು ಕಲಿಯುವ ಹಗುರ ಜೆಟ್ಟು. ಬೇಕಾದರೆ ರೆಕ್ಕೆಯಡಿ ನಾಲ್ಕು ಬಾಂಬು ಕಟ್ಟಬಹುದು, ಅಷ್ಟೇ. "ಎಳೇ ಹೋರಿ ಇದ್ದಂಗೈತಿ. ಪಳಗಸ್ತೇನಿ" ಎಂದರು. ಬಲಗೈ ಜಾರಿದಾಗಲೆಲ್ಲ ಹೋರಿ ಮೂಗು ಕೆಳಗೆ ಮಾಡಿ ನೆಲಕ್ಕೆ ಬೀಳುತ್ತಿತ್ತು.

ದಾಳಿಯೋ, ಥೇಟ್ ಬಿತ್ತನೆ. ಶತ್ರುವಿನ ಟ್ಯಾಂಕುಗಳು ಒಂದು ಬದಿಗೆ. ಇವರು ಖಾಲಿ ಬಯಲಿನಲ್ಲಿ ಸಮ ಅಂತರದಲ್ಲಿ ಬಾಂಬು ಉದುರಿಸುತ್ತ ಹೋಗುವರು.

"ಕಾಕಾ, ಟ್ಯಾಂಕು ಆ ಕಡೆ ಅದಾವ್ರಿ."

"ಇರಲಿ ಬಿಡವಾ. ಸಾಲು ಎಷ್ಟ್ ಛಲೋ ಬಿತ್ತು ನೋಡು."

ಸೋಮವಾರ ಹಾರಾಟವಿಲ್ಲ. ಆ ದಿನ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಜೆಟ್ಟಿಗೆ ಬೇರೆ ನ್ಯಾಯವೇ?

"ಅದೇನ್ ಮೇವು ತಿಂತೈತೇನ್ರಿ, ದಣೀಲಾಕ?" ಎಂದು ಕಾಕಿ ಕೆಣಕಿದರು.

"ಮೇವೂ ಹಾಕೂದಿಲ್ಲ, ಮ್ಯಾಲ ಸೋಮಾರನೂ ಹೂಡ್ಲೇನು?"

ಕಾಕಿಗೆ ಆ ಆಟ ಕಂಡರಾಗದು. ಬೈಯುತ್ತಲೇ ಪಕ್ಕದಲ್ಲಿ ಕೂರುವರು.

ಒಂದು ಸಂಜೆ ಜೆಟ್ಟು ಅಲುಗಾಡದೆ ರನ್‌ವೇ ಮೇಲೆ ಇಳಿಯಿತು. ನಾನು ಪರದೆಯನ್ನೇ ನೋಡುತ್ತಿದ್ದವಳು ಹಿಗ್ಗಿನಿಂದ ತಿರುಗಿದೆ. ಕಾಕಾನ ಬಲಗೈ ಮೇಲೆ ಹಸಿರು ಬಳೆಯ ಕೈಯೊಂದು ಬಿಗಿಯಾಗಿ ಕೂತಿತ್ತು. ನನ್ನನ್ನು ಕಂಡದ್ದೇ ಸೆರಗಿನೊಳಗೆ ಹೋಯಿತು. ಹೋಯಿತೆಂದೇ ನನ್ನ ನೆನಪು.

ಈಗ ಕಾಕಾ ಬಲಗೈಯಿಂದಲೇ ರೊಟ್ಟಿ ಮುರಿಯುತ್ತಾರೆ. ಮೊದಲ ಸಲ ಅದನ್ನು ಕಂಡಾಗ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ಡಾಕ್ಟರಿಗೂ ಫೋನು ಮಾಡಿ ಹೇಳಿದೆ.

ಮೊನ್ನೆ ಒಲೆಯ ಹತ್ತಿರ ಕೂತು ಕಾಕಿಯನ್ನು ಒಂದು ಮಾತು ಕೇಳಿದೆ. ಅವರು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದರು.

"ಕಾಕಿ, ಖರೇ ಹೇಳ್ರಿ. ಅವತ್ತ ವಿಮಾನ ಇಳಿಸಿದವ್ರು ಯಾರು?"