ಇಲ್ಲಿ ಪ್ರೇಮ, ಎರಡು ಪುಟ

ಹತ್ತೊಂಬತ್ತು ವರ್ಷಗಳ ಹಿಂದೆ, ಮೊದಲ ಕಾದಂಬರಿ ಅಚ್ಚಿಗೆ ಹೋದ ದಿನ, ಅಚ್ಚುಕೂಟದ ಮೆಟ್ಟಿಲ ಮೇಲೆ ನಿಂತು ರಾಯರು ಹೆಂಡತಿಗೆ ಒಂದು ಮಾತು ಕೊಟ್ಟಿದ್ದರು.

"ನಿನಗೊಂದು ಪ್ರೇಮದ ಕಾಗದ ಬರೀತೀನಿ ಕಣೇ. ಪೂರ್ತಿ ನನ್ನದೇ ಮಾತು. ನಿನಗೆ ಮಾತ್ರ. ಇನ್ನೊಂದು ನರಪಿಳ್ಳೆ ಅದನ್ನ ಓದಬಾರದು, ಹಾಗೆ."

ಆಮೇಲೆ ಕಾದಂಬರಿಗಳು ಇಪ್ಪತ್ತಾರಾದವು, ಒಬ್ಬಳು ಮಗಳಾದಳು, ಮಗಳಿಗೆ ಕನ್ನಡಕವೂ ಆಯಿತು. ಕಾಗದ ಮಾತ್ರ ಆಗಲಿಲ್ಲ.

ಪುಸ್ತಕದ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಇರುತ್ತಿತ್ತು. ಆದರೆ ಬೀದಿಯವರು ಗಂಡನನ್ನು ಪ್ರೇಮರಾಯರು ಎಂದೇ ಕರೆಯುತ್ತಿದ್ದುದರಿಂದ ಅಪ್ಪ ಅಮ್ಮ ಇಟ್ಟ ಹೆಸರು ಪೋಸ್ಟ್‌ಮ್ಯಾನ್‌ಗೂ ಮರೆತುಹೋಗಿತ್ತು. ನಿಜ ಹೇಳಬೇಕೆಂದರೆ ರಾಯರು ಪ್ರೇಮದ ಒಂದು ಸಾಲನ್ನೂ ಬರೆದವರಲ್ಲ. ರೈಲು ತಪ್ಪುವುದು, ಅತ್ತೆ ಮೂರ್ಛೆ ಹೋಗುವುದು, ಮದುವೆ ಮನೆಗೆ ಪೊಲೀಸ್ ಬರುವುದು, ಸತ್ತುಹೋದ ಅಣ್ಣ ಗಡ್ಡ ಬಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುವುದು, ಇವೆಲ್ಲ ರಾಯರ ಪಾಲು. ನಾಯಕ ನಾಯಕಿ ಎದುರುಬದುರಾದ ಕೂಡಲೇ ಅವರು ಪೆನ್ನು ನಿಲ್ಲಿಸಿ, 'ಇಲ್ಲಿ ಪ್ರೇಮ, ಎರಡು ಪುಟ' ಎಂದು ಬರೆದು, ಸುತ್ತ ಚೌಕ ಹಾಕಿ ಮುಂದೆ ಹೋಗುತ್ತಿದ್ದರು. ಮೇಸ್ತ್ರಿ ಕಿಟಕಿಗೆ ಜಾಗ ಬಿಟ್ಟು ಗೋಡೆ ಏರಿಸಿದ ಹಾಗೆ. ಹೆಂಡತಿ ಅವರು ಬರೆದ ಒಂದೊಂದು ಅಕ್ಷರವನ್ನೂ ಓದಿ, ಕುಕ್ಕರಿನ ಎರಡು ಸೀಟಿಗಳ ನಡುವೆ ಆ ಚೌಕ ತುಂಬುತ್ತಿದ್ದಳು. ತುಂಬಿದ ಹಾಳೆ ಬಂದರೆ ರಾಯರು ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ಎಣಿಸುತ್ತಿದ್ದರು. "ಒಂದು, ಎರಡು. ಸರಿ ಇದೆ." ಕವರಿಗೆ ಹಾಕಿ ಅಂಟಿಸಿಬಿಡುತ್ತಿದ್ದರು.

ಆ ಬೆಳಗ್ಗೆ ಎಡವಟ್ಟಾದದ್ದು ಒಂದು ನಗೆಯಿಂದ. ರಾಯರು ಕನ್ನಡಿಯ ಮುಂದೆ ಅರ್ಧ ಗಡ್ಡ ಬೋಳಿಸಿ ನಿಂತಿದ್ದರು. ಹೆಂಡತಿ ಓದುಗರೊಬ್ಬರ ಪತ್ರ ಓದುತ್ತಿದ್ದಳು: "ಅಕ್ಕಾ, ನೀವು ಪುಣ್ಯವಂತೆ. ಇಂಥ ಮಾತು ಬರೆಯುವ ಗಂಡ ನಿಮಗೆ ಎಷ್ಟು ಕಾಗದ ಬರೆದಿರಬೇಕು!"

ರಾಯರಿಗೆ ನಗು ಉಕ್ಕಿತು. ಸೋಪಿನ ನೊರೆ ಕನ್ನಡಿಗೆ ಹಾರಿತು.

ಹೆಂಡತಿ ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. ಆ ಟಕ್ ಎಂಬ ಸದ್ದಿಗೆ ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಸಂಜೆ ಐದಕ್ಕೆ ವಾರಪತ್ರಿಕೆಯವರು ಕೊನೇ ಕಂತು ತಗೊಂಡು ಹೋಗೋಕೆ ಬರ್ತಾರೆ ಅಲ್ವಾ?"

"ಹೌದು. ನಾಯಕ ನಾಯಕಿಗೆ ಕಾಗದ ಬರೆಯೋದೊಂದು ಬಾಕಿ. ಎರಡು ಪುಟ ಬಿಟ್ಟಿದೀನಿ."

"ನನ್ನ ಕಾಗದ ನನ್ನ ಕೈಗೆ ಬಂದ್ರೆ ನಿಮ್ಮ ಚೌಕ ತುಂಬುತ್ತೆ. ಇಲ್ಲಾಂದ್ರೆ ಚೌಕಾನೇ ಅಚ್ಚಾಗ್ಲಿ."

"ಅಷ್ಟೇ ತಾನೇ? ಮಧ್ಯಾಹ್ನದೊಳಗೆ ಬರೆದು ಬಿಸಾಕ್ತೀನಿ," ಎಂದರು ರಾಯರು. ಇಪ್ಪತ್ತಾರು ಕಾದಂಬರಿ ಬರೆದವರಿಗೆ ಒಂದು ಕಾಗದ ಯಾವ ಲೆಕ್ಕ? ಉಳಿದರ್ಧ ಗಡ್ಡವನ್ನು ಶಿಳ್ಳೆ ಹಾಕಿಕೊಂಡೇ ಬೋಳಿಸಿದರು.

ರಾಯರಿಗೆ ನೌಕರಿ ನೀರು ಸರಬರಾಜು ಕಚೇರಿಯಲ್ಲಿ, ದೂರುಗಳಿಗೆ ಉತ್ತರ ಬರೆಯುವುದು. ಆ ದಿನ ಒಡೆದ ಪೈಪುಗಳ ಫೈಲನ್ನು ಪಕ್ಕಕ್ಕೆ ಸರಿಸಿ ಹಾಳೆ ತೆಗೆದರು. ಕೈ ತನ್ನ ಪಾಡಿಗೆ ಓಡಿತು. ಎರಡು ಪುಟ ಆದ ಮೇಲೆ ನೋಡಿದರೆ ಹೀಗಿತ್ತು:

'ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೊನ್ನೆ ಭಾನುವಾರ ಮಧ್ಯಾಹ್ನ ನೀನು ಮೇಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಪೆನ್ನು ಕೈಯಲ್ಲೇ ಇತ್ತು. ಬಿಡಿಸಿ, ಮುಚ್ಚಳ ಹಾಕಿ ಇಟ್ಟಿದ್ದೇನೆ. ಇಂಥದ್ದು ಹಿಂದೆಯೂ ಹಲವು ಬಾರಿ ನಡೆದಿದೆ. ಮುಚ್ಚಳ ಹಾಕುವಾಗ ಪ್ರತಿ ಸಲವೂ, ನೀನು ಎದ್ದ ಮೇಲೆ ಏನೋ ಹೇಳಬೇಕು ಅನ್ನಿಸುತ್ತದೆ. ಅದು ಏನು ಎಂಬುದು ಇನ್ನೂ ಪರಿಶೀಲನೆಯಲ್ಲಿದೆ...'

"ಏನ್ರೀ ಅದು?" ಹೆಗಲ ಮೇಲಿಂದ ದನಿ ಬಂತು. ಸೂಪರಿಂಟೆಂಡೆಂಟ್ ಮೇಡಂ. ಕಚೇರಿಯಲ್ಲಿ ನೀರು ಬಿಟ್ಟರೆ ಎಲ್ಲ ಕಡೆ ತೂರಬಲ್ಲವರು ಅವರೊಬ್ಬರೇ. ಹಾಳೆ ಕಿತ್ತುಕೊಂಡು ಓದಿದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ರಾಯರೇ, ಇದು ಪ್ರೇಮದ ಕಾಗದವೋ ಸ್ಟೇಷನರಿ ದಾಸ್ತಾನೋ? ಪೆನ್ನಂತೆ, ಮುಚ್ಚಳವಂತೆ! ಯಾವ ಹೆಂಗಸು ಇದನ್ನ ಓದಿ ಕರಗ್ತಾಳೆ?"

"ಹಾಗಾದ್ರೆ ಹೇಗೆ ಬರೀಬೇಕು ಮೇಡಂ?"

"ನಿಮ್ಮಂಥ ಬರಹಗಾರರಿಗೆ ಇದೇ ಕಷ್ಟ. ಪುಸ್ತಕದಲ್ಲಿ ಬಣ್ಣ ಹಚ್ಚಿ ಬರೀತೀರಿ, ಎದೆಯಿಂದ ಬರೆಯೋಕೆ ಬರಲ್ಲ. ನಮ್ಮವರು ಬರೆದಿದ್ದಾರೆ, ನೋಡಿ. ನಾನು ಮುನಿಸ್ಕೊಂಡು ತವರಿಗೆ ಹೋದಾಗ."

ಪರ್ಸಿನೊಳಗಿಂದ ನಾಲ್ಕು ಮಡಿಕೆಯ ಹಾಳೆ ಹೊರಬಂತು. 'ನೀನು ಹೋದ ಮೇಲೆ ಗಡಿಯಾರ ನಡೆಯುತ್ತಲೇ ಇದೆ. ನಿಂತಿರುವುದು ಹೊತ್ತು ಮಾತ್ರ.'

ರಾಯರ ಬಾಯಿ ತೆರೆದೇ ಉಳಿಯಿತು. ಮೇಡಂ ಗಂಡ ಎಂದರೆ ಊಟದ ಡಬ್ಬಿ ಕೊಡಲು ಬಂದರೂ ಗೇಟಿನ ಹತ್ತಿರವೇ ನಿಂತು ಕೆಮ್ಮುವ ಮನುಷ್ಯ. ಅವನೊಳಗೆ ಇಂಥ ಮಾತು! "ಇದನ್ನ ನಾನು..."

"ಬರ್ಕೊಳ್ಳಿ, ಬರ್ಕೊಳ್ಳಿ. ನಿಮ್ಮ ಸಂಸಾರ ಉಳೀಲಿ."

ತಮ್ಮ ಎರಡು ಪುಟವನ್ನು ಮಡಚಿ ಜೇಬಿಗೆ ತುರುಕಿ, ಮೇಡಂ ಕಾಗದವನ್ನು ದುಂಡಗೆ ನಕಲು ಮಾಡಿಕೊಂಡು, ಅರ್ಧ ದಿನ ರಜೆ ಹಾಕಿ ರಾಯರು ಹೊರಟರು. ಆದರೆ ಅದು ಅರ್ಧ ಪುಟಕ್ಕೇ ಮುಗಿದಿತ್ತು. ಹತ್ತೊಂಬತ್ತು ವರ್ಷ ಕಾದವಳ ಕೈಗೆ ಅರ್ಧ ಪುಟ ಇಟ್ಟರೆ ಉಳಿದರ್ಧವನ್ನು ಅವಳೇ ಬಾಯಲ್ಲಿ ಹೇಳಿ ತುಂಬಿಯಾಳು.

ಮನೆಯ ಕೆಳಗೇ ಟೈಲರ್ ಅಂಗಡಿ. ಟೈಲರ್ ಒಬ್ಬ ದಢೂತಿ ಗಿರಾಕಿಯ ಸೊಂಟಕ್ಕೆ ಟೇಪ್ ಸುತ್ತುತ್ತಿದ್ದವನು ರಾಯರ ಮುಖ ನೋಡಿ ಅಲ್ಲೇ ನಿಂತ.

"ಏನ್ ರಾಯರೇ, ಗುಂಡಿ ಕಿತ್ತು ಹೋದ ಅಂಗಿ ಥರ ಇದೀರಲ್ಲ?"

ಕತೆ ಕೇಳಿ ಟೈಲರ್ ನಕ್ಕ. ಗಿರಾಕಿಯೂ ನಕ್ಕ, ಹೊಟ್ಟೆ ಕುಣಿದು ಅಳತೆ ಎರಡು ಇಂಚು ತಪ್ಪಿತು.

"ಇದು ನನಗೆ ಬಿಡಿ. ನಮ್ಮ ಮನೆಯವಳು ನನ್ನನ್ನ ಒಪ್ಪಿದ್ದೇ ಒಂದು ಕಾಗದದಿಂದ. ಈಗಲೂ ಬಾಯಿಪಾಠ ಇದೆ. ಪುಸ್ತಕದ ಮಾತಲ್ಲ, ಸ್ವಂತದ್ದು." ಟೈಲರ್ ಟೇಪನ್ನು ಕೊರಳಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "'ನಿನ್ನ ನೆರಳಿಗೂ ದಾರಿ ಬಿಟ್ಟು ನಡೆಯುತ್ತೇನೆ. ಅದರ ಮೇಲೆ ಕಾಲಿಟ್ಟರೆ ನಿನಗೆ ನೋವಾದೀತು ಎಂಬ ಭಯ.'"

"ಆಹಾ!" ಎಂದ ಗಿರಾಕಿ.

ರಾಯರು ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿ, ಟೈಲರ್ ಹೇಳಿದ್ದನ್ನೆಲ್ಲ ಮೇಡಂ ಕಾಗದಕ್ಕೆ ಹೊಲಿಗೆ ಕಾಣದ ಹಾಗೆ ಸೇರಿಸಿದರು. ಸರಿಯಾಗಿ ಎರಡು ಪುಟ. ನಾಲ್ಕು ಗಂಟೆಗೆ, ಬಹುಮಾನ ಗೆದ್ದವರ ಹಾಗೆ ಎದೆ ಉಬ್ಬಿಸಿಕೊಂಡು ಮೆಟ್ಟಿಲು ಹತ್ತಿದರು.

"ತಗೋ. ಹತ್ತೊಂಬತ್ತು ವರ್ಷದ ಬಾಕಿ."

ಹೆಂಡತಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಒಣಗಿದ್ದ ಕೈಯನ್ನೂ ಒರೆಸಿಕೊಂಡಿದ್ದನ್ನು ರಾಯರು ಗಮನಿಸಿ ಇನ್ನಷ್ಟು ಉಬ್ಬಿದರು. ಅವಳು ಮೊದಲ ಸಾಲು ಓದಿದಳು. ಎರಡನೆಯದು ಓದಿದಳು. ಕುರ್ಚಿ ಎಳೆದುಕೊಂಡು ಕೂತಳು.

"ಗಡಿಯಾರ, ಹೊತ್ತು. ಇದು ನಮ್ಮ ನಾಲ್ಕನೇ ಕಾದಂಬರಿ. ಇದನ್ನ ಬರೆಯುವಾಗ ಹಾಲು ಉಕ್ಕಿ ಒಲೆಯೆಲ್ಲ ಹಾಳಾಗಿತ್ತು."

"ಆಂ?"

"ನೆರಳಿಗೆ ದಾರಿ ಬಿಡೋದು ಮೊದಲನೇದು. ಆಗ ನನಗೆ ಏಳು ತಿಂಗಳು, ಕಾಲು ಊದಿತ್ತು, ಹಾಸಿಗೆ ಮೇಲೆ ಕೂತು ಬರೆದಿದ್ದೆ." ಪುಟ ತಿರುಗಿಸಿದಳು. "ಈ ಬೆಳಕಿನ ಮಾತು ಒಂಬತ್ತನೇದರ ಕೊನೆ. ಮಗಳಿಗೆ ಗಂಟಲು ನೋವು."

ರಾಯರ ಕಾಲ ಕೆಳಗಿನ ನೆಲ ಮೆಲ್ಲಗೆ ಸರಿಯಿತು. ಮೇಡಂ ಗಂಡ! ಟೈಲರ್! ಊರಿನ ಗಂಡಸರೆಲ್ಲ ಇವಳ ಮಾತು ಕದ್ದೇ ಸಂಸಾರ ನಡೆಸುತ್ತಿದ್ದಾರೆಯೇ? "ಲೇ, ನಾನು ಕದ್ದಿದ್ದಲ್ಲ ಕಣೇ! ನನಗೆ ಗೊತ್ತೇ ಇರಲಿಲ್ಲ, ಇದು ನಮ್ಮ ಪುಸ್ತಕದ್ದು ಅಂತ!"

ಹೇಳಿದ ಮೇಲೆ ತಿಳಿಯಿತು, ಕದ್ದೆ ಎಂದಿದ್ದರೆ ವಾಸಿಯಿತ್ತು.

"ಅಂದ್ರೆ ಒಂದು ಸಲವೂ ಓದಿಲ್ಲ," ಎಂದಳು ಹೆಂಡತಿ. ಕೂಗಲಿಲ್ಲ. ಕೂಗಿದ್ದರೆ ರಾಯರಿಗೆ ಅಭ್ಯಾಸವಿತ್ತು. ಕೊನೆಯ ಕಂತಿನ ಕಟ್ಟು ತಂದು ಮುಂದಿಟ್ಟಳು. ಚೌಕ ಹಾಗೆಯೇ ಇತ್ತು: ಇಲ್ಲಿ ಪ್ರೇಮ, ಎರಡು ಪುಟ. "ಈ ಸಲ ನೀವೇ ತುಂಬಿ." ಅಡುಗೆಮನೆಗೆ ಹೋದಳು.

ಗಡಿಯಾರ ನಾಲ್ಕೂವರೆ ತೋರಿಸಿತು. ರಾಯರು ಬೆವರು ಒರೆಸಲು ಕರವಸ್ತ್ರ ಎಳೆದರು. ಜೊತೆಗೆ ಬೆಳಗಿನ ಎರಡು ಪುಟವೂ ಜೇಬಿನಿಂದ ಬಂತು. ಪೆನ್ನು, ಮುಚ್ಚಳ, ಪರಿಶೀಲನೆಯಲ್ಲಿದೆ.

ಅವರಿಗೆ ಥಟ್ಟನೆ ದಾರಿ ಹೊಳೆಯಿತು. ಇಷ್ಟು ಸರಳವಾದದ್ದಕ್ಕೆ ಊರೆಲ್ಲ ಅಲೆದೆನಲ್ಲ! ಇದನ್ನೇ ಕಟ್ಟಿನಲ್ಲಿ ಇಟ್ಟರಾಯಿತು. ಹೆಂಡತಿ ಇಷ್ಟು ವರ್ಷ ತಮ್ಮ ಒಂದಕ್ಷರವನ್ನೂ ಓದದೆ ಬಿಟ್ಟವಳಲ್ಲ. ಇದನ್ನೂ ಓದುತ್ತಾಳೆ. ಓದಿದರೆ ಇದು ನಾಯಕಿಗೆ ಬರೆದದ್ದಲ್ಲ ಎಂದು ಅವಳಿಗೆ ತಿಳಿಯುತ್ತದೆ. ಕಣ್ಣೊರೆಸಿಕೊಂಡು, ಇದನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು, ಚೌಕಕ್ಕೆ ಬೇರೆ ಬರೆದುಕೊಡುತ್ತಾಳೆ. ಐದು ನಿಮಿಷದ ಕೆಲಸ. ರಾಯರು ಹಾಳೆಗಳನ್ನು ಕಟ್ಟಿನೊಳಗೆ ಸೇರಿಸಿ, "ಆಯ್ತು ಕಣೇ, ನೋಡು ಬಾ!" ಎಂದು ಕೂಗಿದರು.

ಹೆಂಡತಿ ಬರುವುದಕ್ಕೂ ಬಾಗಿಲ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಅರ್ಧ ಗಂಟೆ ಮೊದಲೇ ಬಂದ ಪತ್ರಿಕೆಯವನು ಹೆಲ್ಮೆಟ್ ಕೂಡ ತೆಗೆಯದೆ ಕೈ ಚಾಚಿದ. ಅವಳು ಕಟ್ಟು ಎತ್ತಿಕೊಂಡಳು. ಬೆರಳಿಗೆ ಎಂಜಲು ಹಚ್ಚಿಕೊಂಡಳು.

"ಒಂದು, ಎರಡು. ಸರಿ ಇದೆ." ಕವರಿಗೆ ಹಾಕಿ ಅಂಟಿಸಿದಳು.

"ಓದಲ್ವಾ?" ರಾಯರ ದನಿ ಕೀರಲಾಯಿತು.

"ಪ್ರೇಮದ ಪುಟ ಎಣಿಸಿ ಕಳಿಸೋದೇ ಅಲ್ವೇನ್ರೀ ಈ ಮನೆ ಪದ್ಧತಿ?"

ರಾಯರು ಒಂದೇ ಚಪ್ಪಲಿಯಲ್ಲಿ ಮೆಟ್ಟಿಲಿಳಿದು ಓಡಿದರು. ಸ್ಕೂಟರ್ ತಿರುವು ದಾಟಿತ್ತು.

ಶುಕ್ರವಾರ ಪತ್ರಿಕೆ ಬಂತು. ಬೀದಿಯೆಲ್ಲ ಓದಿತು. ಮೇಡಂ ಕಣ್ಣೊರೆಸಿಕೊಂಡು, "ಅಚ್ಚಲ್ಲಿ ನೋಡಿದ್ರೆ ಚೆನ್ನಾಗೇ ಇದೆ ರಾಯರೇ" ಎಂದರು. ಟೈಲರ್ ತನ್ನ ಹೆಂಡತಿಗೆ ಹೊಸದೊಂದು ಕಾಗದ ಬರೆದುಕೊಟ್ಟ. ಅದರಲ್ಲಿ ಪೆನ್ನಿನ ಬದಲು ಸೂಜಿಯಿತ್ತು.

ರಾಯರ ಹೆಂಡತಿ ಓದಲಿಲ್ಲ. 'ನಿನಗೆ ಮಾತ್ರ' ಎಂದು ಕೊಟ್ಟ ಮಾತು ಮುರಿಯಿತು.