ನವಿಲು ಎಡಗಾಲಿಗೆ, ಬಾಲ ಬಲಗಾಲಿಗೆ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಒಮ್ಮೆಯೂ ಕಾಲುಚೀಲ ಹಾಕಿದವರಲ್ಲ. ಆದರೆ ಕಳಸದಿಂದ ಮೂಡಿಗೆರೆಯವರೆಗೆ ಅವರು ಹೆಣೆದ ಕಾಲುಚೀಲ ಇಲ್ಲದ ಮನೆ ಹುಡುಕುವುದು ಕಷ್ಟವಿತ್ತು! ಅವರು ಕಳಸದ ಆಚೆ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಬರಿಗಾಲು, ಪಂಚೆ, ಹೆಗಲ ಮೇಲೊಂದು ಶಲ್ಯ, ಆ ಶಲ್ಯದ ತುದಿಯಲ್ಲಿ ಗಂಟು ಕಟ್ಟಿದ ಬಣ್ಣಬಣ್ಣದ ಉಲ್ಲನ್ ಉಂಡೆಗಳು. ಅರ್ಚಕರಿಗೂ ಕಾಲುಚೀಲಕ್ಕೂ ಏನು ಸಂಬಂಧ? ನಾನೂ ಕೇಳಿದ್ದೆ. "ಕಾಲು ಮುರೀತಲ್ಲ, ಅದಕ್ಕೆ" ಅಂದರು. ನನ್ನ ತಲೆ ಇನ್ನಷ್ಟು ಕೆಟ್ಟಿತು.

ಆದದ್ದಿಷ್ಟು. ತೊಂಬತ್ತರ ದಶಕದ ಶುರುವಿನಲ್ಲಿ ಚಿಕ್ಕಪ್ಪ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಮಲಗಿದ್ದರು. ಹೊತ್ತು ಹೋಗದೆ ಹತ್ತು ನಿಮಿಷಕ್ಕೊಮ್ಮೆ ನರ್ಸನ್ನು ಕರೆದು ಗಂಟೆ ಎಷ್ಟು ಎಂದು ಕೇಳುತ್ತಿದ್ದರಂತೆ. ಬೇಸತ್ತ ಆ ನರ್ಸಮ್ಮ ಒಂದು ದಿನ ತನ್ನ ಚೀಲದಿಂದ ನಾಲ್ಕು ಹೆಣಿಗೆಕಡ್ಡಿ, ಒಂದಿಷ್ಟು ಉಳಿಕೆ ಉಲ್ಲನ್ ತೆಗೆದು ಅವರ ಕೈಗಿಟ್ಟರು. ಆಕೆಗೆ ಬರುತ್ತಿದ್ದದ್ದು ಕಾಲುಚೀಲ ಒಂದೇ. ಸ್ವೆಟರ್ ಬರುತ್ತಿದ್ದರೆ ನಮ್ಮ ವಂಶದ ಕತೆಯೇ ಬೇರೆಯಾಗುತ್ತಿತ್ತು!

ಅಂಗಡಿಯಿಂದ ಹೊಸ ಉಲ್ಲನ್ ತರುವುದು ಚಿಕ್ಕಪ್ಪನ ಜಾಯಮಾನದಲ್ಲೇ ಇರಲಿಲ್ಲ. ಯಾರ ಮನೆಯಲ್ಲಿ ಸ್ವೆಟರ್ ಹೆಣೆದು ಯಾವ ಬಣ್ಣ ಉಳಿದಿದೆ ಎಂಬುದು ಅವರಿಗೆ ಬಾಯಿಪಾಠ. ಉಳಿಕೆ ನೂಲಿಗೆ ನಮ್ಮ ಲೆಕ್ಕಾಚಾರ ಎಲ್ಲಿ ಅರ್ಥವಾಗುತ್ತದೆ? ಹೈಸ್ಕೂಲಿಗೆಂದು ನನಗೆ ಹೆಣೆದ ಜೋಡಿಯಲ್ಲಿ ಒಂದು ನವಿಲಿತ್ತು. ನೀಲಿ ನೂಲು ಎಡಗಾಲಿನಲ್ಲೇ ತೀರಿಹೋದದ್ದರಿಂದ ಬಾಲವನ್ನು ಬೇರೆ ಬಣ್ಣದಲ್ಲಿ ಬಲಗಾಲಿಗೆ ಹಾಕಿದ್ದರು. ಎರಡೂ ಪಾದ ಜೋಡಿಸಿ ನಿಂತರೆ ಮಾತ್ರ ಅದು ನವಿಲು. ನಡೆಯತೊಡಗಿದರೆ ಬಾಲವು ನವಿಲನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿತ್ತು! ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಅದರ ಮೇಲೆ ಹತ್ತಿದರೂ ಕಾಣುತ್ತಿರಲಿಲ್ಲ. ಅದೂ ಒಂದು ಚಿತ್ತಾರವೆಂದೇ ತಿಳಿಯುತ್ತಿದ್ದೆ.

ಇದಕ್ಕಿಂತ ದೊಡ್ಡ ಫಜೀತಿ ಎಂದರೆ, ನೂಲನ್ನು ಅವರು ಬಣ್ಣದ ಹೆಸರಿನಿಂದ ಕರೆಯುತ್ತಿರಲಿಲ್ಲ, ಕೊಟ್ಟವರ ಹೆಸರಿನಿಂದ ಕರೆಯುತ್ತಿದ್ದರು. ಹಳದಿ ಎಂದರೆ ಗಣಿತದ ಮೇಷ್ಟ್ರು. ಕೆಂಪು ಎಂದರೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಹಸಿರು ಎಂದರೆ ಮೂಡಿಗೆರೆಯಲ್ಲಿದ್ದ ಪೋಸ್ಟ್‌ಮಾಸ್ಟರ ಹೆಂಡತಿ, ನಮ್ಮ ಅಮ್ಮನ ಬಾಲ್ಯದ ಗೆಳತಿ.

ಒಂದು ಬೆಳಿಗ್ಗೆ ವಸ್ತಾರೆಯ ನಮ್ಮ ಮನೆಗೆ ಚಿಕ್ಕಪ್ಪನ ಫೋನ್ ಬಂತು. ಮಳೆಗಾಲ, ಲೈನಿನಲ್ಲಿ ಬರೀ ಗೊರಗೊರ. "ಅತ್ತಿಗೆ, ಪೋಸ್ಟ್‌ಮಾಸ್ಟ್ರ ಹೆಂಡ್ತಿ ಮುಗ್ದೋದ್ರು. ಅರ್ಧದಲ್ಲೇ ಕೈಬಿಟ್ರು ನೋಡಿ. ನೀವೊಂಚೂರು ಮೂಡಿಗೆರೆಗೆ ಹೋಗ್ಬಂದ್ರೆ ಚೆನ್ನಾಗಿತ್ತು." ಅಷ್ಟಕ್ಕೇ ಲೈನು ಕಟ್ಟಾಯಿತು.

ಅಮ್ಮ ಒಲೆಯ ಮೇಲಿದ್ದ ಅನ್ನವನ್ನು ಹಾಗೆಯೇ ಇಳಿಸಿ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಹೋದರು. ಬಾಗಿಲು ತಟ್ಟಿದರೆ ತೆರೆದದ್ದು ಸತ್ತವರೇ! ಕೈಯಲ್ಲಿ ಕಾಫಿ ಲೋಟ ಬೇರೆ. ಅಮ್ಮ ಗಬಕ್ಕನೆ ಸೆರಗಿನಿಂದ ಕಣ್ಣು ಒರೆಸಿಕೊಂಡರಂತೆ. ಯಾಕೆ ಬಂದೆ ಎಂದರೆ ಹೇಳುವುದೇನು? ನೀನು ಸತ್ತೆ ಅಂತ ಬಂದೆ ಎನ್ನಲಾಗುತ್ತದೆಯೇ? ಸುಮ್ಮನೆ ನೋಡಬೇಕೆನ್ನಿಸಿತು ಎಂದರು. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಪಾಯಸ ಮಾಡಿ ಊಟ ಹಾಕಿ, ಹೊರಡುವಾಗ "ನಿನ್ನ ಮೈದುನ ಮೊನ್ನೆ ಕೇಳ್ತಿದ್ರು" ಎಂದು ಅರ್ಧ ಉಂಡೆ ಹಸಿರು ಉಲ್ಲನ್ ಕೈಗಿತ್ತರು. ಆಗಲೇ ಅಮ್ಮನಿಗೆ ಮುಗಿದುಹೋದವರು ಯಾರೆಂದು ತಿಳಿದದ್ದು. ಮನೆಗೆ ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು. ಆಗದ ಸಾವಿಗೆ ಹೋಗಿ ಬಂದವರು ಸ್ನಾನ ಮಾಡಬೇಕೋ ಬೇಡವೋ? ಅಪ್ಪ ಬಹಳ ಯೋಚಿಸಿ, ಯಾವುದಕ್ಕೂ ಇರಲಿ ಎಂದು ಮಾಡಿಸಿಯೇಬಿಟ್ಟರು.

ಎಲ್ಲವೂ ಹೀಗೆ ನಗುವಿನಲ್ಲೇ ಮುಗಿಯಲಿಲ್ಲ. ದೇವರ ತಲೆಯ ಮೇಲೆ ಹೂವಿಡುವ ಕೈ ಕಾಲಿಗೆ ಹಾಕುವ ವಸ್ತು ಹೆಣೆಯುವುದು ಸರಿಯೇ ಎಂದು ಯಾರೋ ತಕರಾರು ತೆಗೆದರು. ದೇವಸ್ಥಾನದ ಸಮಿತಿ ಸೇರಿತು. ಪೂಜೆ ತಪ್ಪಿದರೆ ಚಿಕ್ಕಪ್ಪನಿಗೆ ಬೇರೆ ಬದುಕಿರಲಿಲ್ಲ. ಹೆದರಿದ್ದರು ಕೂಡ, ಅಪ್ಪನನ್ನು ಜೊತೆಗೆ ಕರೆಸಿಕೊಂಡಿದ್ದರು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದರಂತೆ: "ನಾನು ಹೆಣೆಯೋವಾಗ ಅದು ಬರೀ ನೂಲು. ಎಲ್ಲಿಂದ ಅದು ಕಾಲುಚೀಲ ಆಗುತ್ತೆ ಅಂತ ನೀವೇ ಹೇಳಿ, ಅಲ್ಲಿಗೆ ನಿಲ್ಲಿಸ್ತೀನಿ."

ಹೆಣಿಗೆ ಹಿಮ್ಮಡಿಯ ಹತ್ತಿರ ತಿರುಗಿದಾಗ ಎಂದರು ಅಧ್ಯಕ್ಷರು. ಬೆರಳಿನ ತುದಿ ಹೆಣೆದು ಮುಚ್ಚಿದಾಗ ಎಂದರು ಇನ್ನೊಬ್ಬರು. ಯಾರಾದರೂ ಹಾಕಿಕೊಂಡಾಗ ಎಂದರು ಮೂರನೆಯವರು. ಮಧ್ಯಾಹ್ನದವರೆಗೂ ಅವರವರಲ್ಲೇ ಜಗಳವಾಗಿ, ಹಿಮ್ಮಡಿಯವರೆಗೆ ದೇವಸ್ಥಾನದ ಜಗಲಿಯಲ್ಲಿ ಹೆಣೆಯಬಹುದು, ಮುಂದಿನದನ್ನು ಮನೆಯಲ್ಲಿ ಹೆಣೆಯತಕ್ಕದ್ದು ಎಂದು ತೀರ್ಮಾನವಾಯಿತು! ಅದರ ಅರ್ಥವೇನೆಂದು ಸಮಿತಿಯವರಿಗೂ ಕೊನೆಯವರೆಗೆ ತಿಳಿದಂತಿರಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ನಮ್ಮ ಕಡೆ ಮೊಬೈಲ್ ಆಗಷ್ಟೇ ಬಂದಿದ್ದಾಗ, ಅಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು. ಮಾತು ಉಳಿದಿತ್ತು, ಆದರೆ ಆ ಮಾತೇ ನಮ್ಮನ್ನು ಕಂಗೆಡಿಸಿತು. "ಈ ಕಾಲು ಯಾರದು? ಯಾರೋ ನನ್ನ ಹಾಸಿಗೇಲಿ ಕಾಲು ಹಾಕ್ಕಂಡು ಮಲಗಿದಾರೆ, ತೆಗೀರಿ" ಎನ್ನುತ್ತಿದ್ದರು. ಕೆಲವರಿಗೆ ಹೀಗಾಗುತ್ತದೆ, ದಿನಾ ಆ ಕಾಲನ್ನು ತೋರಿಸಿ, ಮುಟ್ಟಿಸಿ ಎಂದರು ಡಾಕ್ಟರು. ಅದು ನಿನ್ನದೇ ಅಮ್ಮ ಎಂದು ನಾನು ಹೇಳಿದಷ್ಟೂ ಅವರು ಹೆದರಿ ಅಳುತ್ತಿದ್ದರು. ಅಪ್ಪ ಗೋಡೆಗೆ ಮುಖ ತಿರುಗಿಸಿ ಕೂರುತ್ತಿದ್ದರು.

ಚಿಕ್ಕಪ್ಪ ಪೂಜೆಯನ್ನು ಬೇರೆಯವರಿಗೆ ಒಪ್ಪಿಸಿ ಬಂದು ಮಂಚದ ಕಾಲುಬದಿಯಲ್ಲಿ ಕೂತರು. ಅವರು ವಾದಿಸಲೇ ಇಲ್ಲ.

"ಹೌದು ಅತ್ತಿಗೆ, ಯಾರದೋ ಇರ್ಬೇಕು. ಪಾಪ, ತಣ್ಣಗಾಗಿದೆ. ಇದಕ್ಕೊಂದು ಹೆಣೀತೀನಿ, ನೀವು ಉಂಡೆ ಹಿಡ್ಕಳಿ."

ಅಮ್ಮ ಬಲಗೈಯಲ್ಲಿ ಉಂಡೆ ಹಿಡಿದರು. ಚಿಕ್ಕಪ್ಪ ನಾಲ್ಕು ಸಾಲು ಹೆಣೆಯುವುದು, ಆ ಪಾದಕ್ಕೆ ತೊಡಿಸಿ ಅಳತೆ ನೋಡುವುದು, ಪಾದವನ್ನು ತಿಕ್ಕಿ ಬೆಚ್ಚಗೆ ಮಾಡುವುದು, ಸರಿಯಿಲ್ಲ ಎಂದು ಬಿಚ್ಚುವುದು. ಎರಡು ದಿನದಲ್ಲಿ ಮುಗಿಸಬಲ್ಲ ಮನುಷ್ಯ ಮೂರು ವಾರವಾದರೂ ಮುಗಿಸಲಿಲ್ಲ. ಕೈ ಸೋತಿತೇನೋ ಎಂದುಕೊಂಡೆ. ಬೇಕೆಂದೇ ಬಿಚ್ಚುತ್ತಿದ್ದಾರೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅಮ್ಮನ ಕಣ್ಣು ಮಾತ್ರ ದಿನವಿಡೀ ಆ ಕಾಲಿನ ಮೇಲೆಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಕೊನೆಗೂ ಹೆಣಿಗೆ ಮುಗಿಯಿತು. ಏಳೆಂಟು ಬಣ್ಣ, ಮಧ್ಯೆ ಹೂವೋ ಏಡಿಯೋ ತಿಳಿಯದ ಏನೋ ಒಂದು. ಚಿಕ್ಕಪ್ಪ ಅದನ್ನು ತೊಡಿಸಿ ಕೇಳಿದರು.

"ಅತ್ತಿಗೆ, ಯಾರ ಕಾಲಿದು, ಗೊತ್ತಾಯ್ತಾ?"

ಅಮ್ಮ ತುಂಬ ಹೊತ್ತು ನೋಡಿದರು.

"ಇಂಥದ್ದು ಹಾಕ್ಕಳಕ್ಕೆ ನನ್ನ ಬಿಟ್ರೆ ಇನ್ಯಾರು ಒಪ್ತಾರೆ ಮಾರಾಯ? ನಂದೇ."

ಅಪ್ಪ ಗೋಡೆಯಿಂದ ಈ ಕಡೆ ತಿರುಗಿದರು. ಚಿಕ್ಕಪ್ಪ ತಲೆ ಬಗ್ಗಿಸಿ, ಸರಿಯಾಗಿಯೇ ಇದ್ದ ಕಾಲುಚೀಲದ ಅಂಚನ್ನು ಮತ್ತೆ ಮತ್ತೆ ಸರಿ ಮಾಡುತ್ತ ಕೂತರು.